ಕಡಗೋಲು ಬಂತು, ಇಳೀರಿ!



ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಿಕೊಳ್ಳಲೆಂದೋ ಬೆಂಗಳೂರಿಗೆ ಹೋಗಿ ಬರುವವರು ಈಗ ನಮ್ಮ ಅಣ್ಣಿಗೇರಿ, ನವಲಗುಂದದ ಓಣಿ ಓಣಿಯಲ್ಲೂ ಇದ್ದಾರೆ. ‘ಏನೇನು ನೋಡಿದ್ರಿ?’ ಎಂದು ಕೇಳಿದರೆ, ‘ಏನ್ ನೋಡೋದವ್ವಾ, ನಾಕು ಗೋಡಿ ನೋಡಿ ಬಂದೆ’ ಅನ್ನುತ್ತಾರೆ. ಮಗಳು-ಅಳಿಯ ಕೆಲಸಕ್ಕೆ ಹೋದ ಮೇಲೆ ಒಬ್ಬರೇ ಹೊರಬೀಳಲು ಅಂಜಿಕೆ. ಅಂಜಿಕೆ ರೈಲಿನದಲ್ಲ, ಹೆಸರಿನದು. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂಬುದು ಬಾಯಿಗೇ ಬರದಿದ್ದರೆ ಯಾರನ್ನು ಏನಂತ ಕೇಳುವುದು?

ನಮ್ಮ ಹಿರಿ ನೆಗೆಣ್ಣಿ ಓದಿದ್ದು ಮೂರನೇ ಇಯತ್ತೆ. ಮಗಳ ಮನೆ ಇಂದಿರಾನಗರದಲ್ಲಿ. ಮೆಟ್ರೊ ಹತ್ತಿ ಚಿಕ್ಕಪೇಟೆಗೆ ಹೋಗಿ ಸೀರೆ ನೋಡಬೇಕೆಂಬ ಆಸೆ. ಅದಕ್ಕೆ ನಾಲಿಗೆಗೆ ಒಗ್ಗದ ಹೆಸರುಗಳನ್ನೆಲ್ಲ ಅಡಿಗೆಮನೆಗೂ ಹಿತ್ತಲಿಗೂ ಎಳೆದುಕೊಂಡು ಬಂದರು ನೋಡ್ರಿ! ಹಲಸೂರು ಅಂದರೆ ಹಲಸಿನ ಹಣ್ಣು. ಟ್ರಿನಿಟಿ ಅಂದರೆ ‘ತಿಂಡಿ-ಟೀ’. ಎಂ.ಜಿ. ರೋಡು ‘ಎಮ್ಮಿ-ಜೀ ರೋಡು’. ಆ ಎಮ್ಮಿ ಸುಮ್ಮನಿರುತ್ತದೆಯೆ? ನೆಟ್ಟಗೆ ‘ಕಬ್ಬಿನ ಪಾರ್ಕಿ’ಗೆ ನುಗ್ಗುತ್ತದೆ. ಅಲ್ಲಿಗೆ ಗಾಡಿ ನೆಲದೊಳಗೆ ಇಳಿದಿರುತ್ತದೆ. (1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಸಾಹೇಬರು ಕೇಳಿದ್ದರೆ ಏನನ್ನುತ್ತಿದ್ದರೋ!) ವಿಧಾನಸೌಧ, ವಿಶ್ವೇಶ್ವರಯ್ಯ ಎಂಬವು ಗೊತ್ತಿದ್ದ ಹೆಸರೇ, ಅವಕ್ಕೆ ಕೈಹಚ್ಚಲಿಲ್ಲ. ಆಮೇಲೆ ಮೆಜೆಸ್ಟಿಕ್. ‘ಮಜ್ಜಿಗಿ-ಸ್ಟಿಕ್ಕು. ಅಂದ್ರ ಕಡಗೋಲು. ಕಡಗೋಲು ಬಂತಂದ್ರ ತಿರುಗಬೇಕು!’ ನಿಜವಾಗಿಯೂ ಅಲ್ಲೇ ನೇರಳೆ ಗಾಡಿ ಬಿಟ್ಟು ಹಸಿರು ಗಾಡಿಗೆ ತಿರುಗಬೇಕು. ಮುಂದಿನದೇ ಚಿಕ್ಕಪೇಟೆ. ಇಂಗ್ಲಿಷಿನಲ್ಲಿ ಅದು ‘ಚಿಕ್‌ಪೇಟ್’. ಅಕ್ಕನ ಬಾಯಲ್ಲಿ ‘ಚಿಕ್ಕ ಪೆಟ್ಟು’. ಪೆಟ್ಟು ಬೀಳುವುದು ಪರ್ಸಿಗೆ ಅನ್ನಿ.

ಮೆಜೆಸ್ಟಿಕ್ಕಿಗೆ ಪೂರ್ವ-ಪಶ್ಚಿಮದ ಸುರಂಗ ತೆರೆದದ್ದು 2016ರ ಏಪ್ರಿಲ್‌ನಲ್ಲಿ, ಚಿಕ್ಕಪೇಟೆಯ ಹಾದಿ 2017ರ ಜೂನ್‌ನಲ್ಲಿ.

ಹೆಸರು ತಿರುಚುವುದು ನಮಗೇನು ಹೊಸದೆ? ಕುಂದಗೋಳದ ‘ಳ’ ಇಂಗ್ಲಿಷಿಗೆ ಹೋಗಿ ‘ಲ’ ಆಗಿ ಬಂತು. ಹುಬ್ಬಳ್ಳಿ ಎಷ್ಟೋ ಕಾಲ ‘ಹುಬ್ಲಿ’ ಆಗಿತ್ತು, 2014ರ ನವೆಂಬರ್ 1ರಂದು ಸರಕಾರಿ ಇಂಗ್ಲಿಷಿನಲ್ಲೂ ಹುಬ್ಬಳ್ಳಿ ಆಯಿತು. ಅವರು ನಮ್ಮ ಊರಿನ ಹೆಸರು ತಿರುಚಬಹುದಾದರೆ, ನಮ್ಮ ಅಕ್ಕ ಅವರದನ್ನು ತಿರುಚಬಾರದೇನ್ರಿ?

ಹೋಗುವವರಿಗೆ ಒಂದು ಮಾತು. ಗಾಡಿಯಲ್ಲಿ ಕೂಗುವ ಹೆಸರು ಬಹಳ ಉದ್ದ, ‘ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್’ ಅಂತ. ಬಾಲಕ್ಕೆ ಕಿವಿಗೊಡ್ರಿ. ಇನ್ನು ವಿಶ್ವೇಶ್ವರಯ್ಯನವರ ಹೆಸರು ಎರಡು ಕಡೆ ಇದೆ. ಮೆಟ್ರೊದ್ದು ಸೆಂಟ್ರಲ್ ಕಾಲೇಜಿನ ಹತ್ತಿರ. ದೊಡ್ಡ ರೈಲಿನ ವಿಶ್ವೇಶ್ವರಯ್ಯ ಟರ್ಮಿನಲ್ ಬೈಯಪ್ಪನಹಳ್ಳಿಯಲ್ಲಿ, 2022ರಲ್ಲಿ ಆದದ್ದು. ಊರಿಗೆ ಮರಳುವ ಟಿಕೀಟು ಅಲ್ಲಿಂದ ಇದ್ದು, ನೀವು ಸೆಂಟ್ರಲ್ ಕಾಲೇಜಿನಲ್ಲಿ ಗಂಟು ಹೊತ್ತು ನಿಂತರೆ ರೈಲು ಕಾಯುವುದಿಲ್ಲ. ಹಳೆಯ ಸಿಟಿ ಸ್ಟೇಷನ್ನಿಗೆ ಈಗ ಸಂಗೊಳ್ಳಿ ರಾಯಣ್ಣನ ಹೆಸರು. ಇದು ನಮ್ಮ ಕಡೆಯ ಹೆಸರು, ಯಾರೂ ಮರೆಯುವುದಿಲ್ಲ.

ಅಕ್ಕ ಒಬ್ಬರೇ ಹೋಗಿ, ಎರಡು ಸೀರೆ ತಂದು, ಮಗಳು ಬರುವಷ್ಟರಲ್ಲಿ ರೊಟ್ಟಿ ಬಡಿದಿಟ್ಟಿದ್ದರಂತೆ. ಹಸಿರು ಗಾಡಿ ಇನ್ನೂ ಮುಂದೆ ಬನಶಂಕರಿಗೆ ಹೋಗುತ್ತದೆ ಎಂದು ತಿಳಿದ ಮೇಲೆ ಈಗ ಅದೇ ಧ್ಯಾನ. ‘ಅದಕ್ಕ ಆಟದ ಹೆಸರು ಬ್ಯಾಡವ್ವಾ, ನಮ್ಮ ಬಾದಾಮಿ ತಾಯಿ ಹೆಸರs ಐತಿ’ ಅನ್ನುತ್ತಾರೆ.

ನಿಮ್ಮ ಮನೆಯವರು ಯಾವ ಯಾವ ನಿಲ್ದಾಣಕ್ಕೆ ಏನೇನು ಹೆಸರಿಟ್ಟಿದ್ದಾರೆ? ಬರೆದು ಕಳಿಸ್ರಿ.