ಶಿಖರದ ನಿಲ್ದಾಣ ಹೇಳುವ ಪಾಠ

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಸಾಲಿನ ಅಂಚಿನಲ್ಲಿ 1824ರಲ್ಲಿ ‘ಮೌಂಟನ್ ಹೌಸ್’ ಎಂಬ ವೈಭವದ ಹೋಟೆಲು ಆರಂಭವಾಯಿತು. ಹಡ್ಸನ್ ಕಣಿವೆಯ ನೋಟವನ್ನು ಸವಿಯಲು ನಗರದ ಸಿರಿವಂತರು ಕುದುರೆಗಾಡಿಗಳಲ್ಲಿ ಗಂಟೆಗಟ್ಟಲೆ ಬೆಟ್ಟವೇರುತ್ತಿದ್ದರು. ಆ ಪ್ರಯಾಸವನ್ನು ತಪ್ಪಿಸಲೆಂದು 1892ರಲ್ಲಿ ಇಳಿಜಾರನ್ನು ನೇರವಾಗಿ ಸೀಳಿ, ಉಕ್ಕಿನ ಹಗ್ಗದಿಂದ ಎಳೆಯುವ ‘ಓಟಿಸ್’ ರೈಲುಮಾರ್ಗವನ್ನು ಹಾಕಲಾಯಿತು. ಹೋಟೆಲಿನ ಬಳಿಯೇ ಶಿಖರ ನಿಲ್ದಾಣ ತಲೆಯೆತ್ತಿತು.

ಅದರ ಆಯುಷ್ಯ ಕೇವಲ 26 ವರ್ಷ. ಮೋಟಾರು ಕಾರುಗಳು ಬರುತ್ತಲೇ ಪ್ರಯಾಣಿಕರು ಕಡಿಮೆಯಾದರು. 1918ರಲ್ಲಿ ರೈಲು ನಿಂತಿತು. ಯುದ್ಧಕಾಲದ ಲೋಹದ ಹಸಿವಿಗೆ ಹಳಿಗಳು ಗುಜರಿಯಾದವು. ಪಾಳುಬಿದ್ದ ಹೋಟೆಲನ್ನು 1963ರ ಜನವರಿ 25ರಂದು ರಾಜ್ಯದ ಸಂರಕ್ಷಣಾ ಇಲಾಖೆಯೇ ಸುಟ್ಟುಹಾಕಿತು. ಸರಕಾರಿ ಅರಣ್ಯದಲ್ಲಿ ಮರ ಕಡಿಯುವುದನ್ನು 1894ರಲ್ಲೇ ರಾಜ್ಯದ ಸಂವಿಧಾನ ನಿಷೇಧಿಸಿದ್ದರಿಂದ ಆ ನೆಲ ಕಾಡಿಗೆ ಮರಳಿತು. ಆದರೂ ಹಳಿಯ ಸೀಳುಗುರುತು ಬೆಟ್ಟದ ಮೈಮೇಲೆ ಇಂದಿಗೂ ಉಳಿದಿದೆ.

ಇಪ್ಪತ್ತಾರು ವರ್ಷಗಳ ಸುಖಕ್ಕೆ ಶತಮಾನ ಕಳೆದರೂ ಮಾಯದ ಗಾಯ! ಬೆಟ್ಟಕ್ಕೆ ಬರುವ ಪ್ರತಿಯೊಂದು ರಸ್ತೆ, ರೈಲು, ರೋಪ್‌ವೇ ಯೋಜನೆಯೂ ಆದಾಯದ ಲೆಕ್ಕವನ್ನು ಮುಂದಿಡುತ್ತದೆ. ಅತಿಥಿಗಳು ಬಾರದಾದ ದಿನ ಬೆಟ್ಟವನ್ನು ಸರಿಪಡಿಸುವವರಾರು, ಅದಕ್ಕೆ ಹಣ ತೆರುವವರಾರು? ಊರಿನ ಗ್ರಾಮಸಭೆ ಮೊದಲು ಕೇಳಬೇಕಾದ ಪ್ರಶ್ನೆ ಇದು. ಉತ್ತರ ಲಿಖಿತವಾಗಿ ದೊರೆಯುವವರೆಗೆ ಒಪ್ಪಿಗೆ ಸಲ್ಲದು.