ಪಾಸಾದರೂ ಕೋಡ್ ಓದಲು ಬರಲ್ಲ: ತಪ್ಪುತ್ತಿರೋದು ಎಲ್ಲಿ?

ದಾವಣಗೆರೆ: ಲ್ಯಾಬ್ ಪರೀಕ್ಷೆಗೆ ಪ್ರೋಗ್ರಾಂ ಬಾಯಿಪಾಠ ಮಾಡಿ ಪಾಸಾದವರು ಬೆಂಗಳೂರಿನ ಅಜೈಲ್ ತಂಡ ಸೇರಿದಾಗ ತಬ್ಬಿಬ್ಬಾಗ್ತಾರೆ. ಅಲ್ಲಿ ಸಾಮಾನ್ಯವಾಗಿ ಎರಡು ವಾರಕ್ಕೊಂದು ಸ್ಪ್ರಿಂಟ್. ಹೊಸಬರ ಕೈಗೆ ಬರೋದು ಬೇರೆಯವರು ಬರೆದ ಹಳೇ ಕೋಡ್. ಅದನ್ನು ಓದಿ, ಸ್ವಲ್ಪ ಬದಲಿಸಿ, ಟೆಸ್ಟ್ ಬರೆದು, ರಿವ್ಯೂಗೆ ಕಳಿಸಬೇಕು.

2001ರಲ್ಲಿ 17 ಮಂದಿ ಬರೆದ ಅಜೈಲ್ ಪ್ರಣಾಳಿಕೆ ದಪ್ಪ ಕಾಗದಪತ್ರಕ್ಕಿಂತ ಕೆಲಸ ಮಾಡುವ ಸಾಫ್ಟ್‌ವೇರ್‌ಗೆ ಹೆಚ್ಚು ಬೆಲೆ ಕೊಟ್ಟಿತ್ತು. ಕಾಲೇಜುಗಳಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಬೈಂಡ್ ಆದರೆ ಕಥೆ ಮುಗೀತು, ಕೋಡ್ ಮೂಲೆಗೆ.

ಇದಕ್ಕೆ ದುಬಾರಿ ಕೋರ್ಸ್ ಬೇಕಿಲ್ಲ. ಸೀನಿಯರ್‌ಗಳು ಬಿಟ್ಟುಹೋದ ಪ್ರಾಜೆಕ್ಟನ್ನೇ ಜೂನಿಯರ್‌ಗಳು ಮುಂದುವರಿಸಲಿ. ಯಾರು ಏನು ಬದಲಿಸಿದ್ರು ಅಂತ ದಾಖಲಿಸುವ ಗಿಟ್ 2005ರಿಂದಲೂ ಉಚಿತ. ಮಾರ್ಕ್ಸ್ ಕೊಡುವವರು ಆ ದಾಖಲೆಯನ್ನೂ ತೆರೆದು ನೋಡಿದರೆ, ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರೋದೂ ಕಡಿಮೆಯಾಗುತ್ತೆ.