ಹೊಲಿಗೆ ಯಂತ್ರದ ಮುಂದಿನ ಅರ್ಥಶಾಸ್ತ್ರ

ತೂಬಗೆರೆಯ ಸುತ್ತಲಿನ ಹಳ್ಳಿಗಳಿಂದ ದೊಡ್ಡಬಳ್ಳಾಪುರದ ಸಿದ್ಧ ಉಡುಪು ಕಾರ್ಖಾನೆಗಳಿಗೆ ಹೋಗುವ ಹೆಣ್ಣುಮಕ್ಕಳನ್ನು ಅರ್ಥಶಾಸ್ತ್ರವೆಂದರೇನೆಂದು ಕೇಳಿದರೆ ನಕ್ಕಾರು. ಭವಿಷ್ಯ ನಿಧಿಯ ಬಗ್ಗೆ ಕೇಳಿ ನೋಡಿ: ಎಷ್ಟು ಜಮೆಯಾಗಿದೆ, ಅದರಿಂದ ಯಾವ ಸಾಲ ತೀರುತ್ತದೆ ಎಂಬುದನ್ನು ಬೆರಳೆಣಿಸಿ ಹೇಳುತ್ತಾರೆ. ಅರ್ಥಶಾಸ್ತ್ರವನ್ನು ಸೂಚಿಸುವ ಗ್ರೀಕ್ ಪದದ ಮೂಲಾರ್ಥ ಮನೆವಾರ್ತೆಯ ನಿರ್ವಹಣೆ ಎಂದೇ. ಬರಿದೇ ಹಣ ಕೂಡಿಹಾಕುವ ವಿದ್ಯೆಯಿಂದ ಅರಿಸ್ಟಾಟಲನು ಅದನ್ನು ಬೇರ್ಪಡಿಸಿದ್ದನು.

2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಭವಿಷ್ಯ ನಿಧಿಯ ನಿಯಮವನ್ನು ಬದಲಿಸಿತು. ಕಾರ್ಮಿಕರು ವೇತನದ ಶೇ. 12ನ್ನು ಕಟ್ಟುತ್ತಾರೆ, ಮಾಲೀಕರು ಕಟ್ಟುವ ಅಷ್ಟೇ ಮೊತ್ತದಲ್ಲಿ ಶೇ. 8.33 ಪಿಂಚಣಿಗೆ ಸಂದು, ಉಳಿದ ಶೇ. 3.67 ನಿಧಿಗೆ ಸೇರುತ್ತದೆ. ಕೆಲಸ ಬಿಟ್ಟವರಿಗೆ ಮಾಲೀಕರ ಈ ಪಾಲು 58 ವರ್ಷ ತುಂಬುವವರೆಗೆ ದೊರೆಯದು ಎಂದಿತು ಹೊಸ ನಿಯಮ. ವೃದ್ಧಾಪ್ಯಕ್ಕೆ ಆಸರೆಯಾಗಲೆಂಬುದು ಸರ್ಕಾರದ ವಾದ. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು.

ಆದರೆ 58ರ ತನಕ ಹೊಲಿಗೆ ಯಂತ್ರದ ಮುಂದೆ ಕುಳಿತಿರುವವರು ಯಾರು? ಗಂಟೆಗಿಷ್ಟು ತುಂಡು ಎಂಬ ಗುರಿಯ ಬೆನ್ನುಹತ್ತಿದ ಕಣ್ಣು, ಸೊಂಟ ಅದಕ್ಕೆ ಬಹಳ ಮೊದಲೇ ಸೋಲುತ್ತವೆ. ಅವರಿಗೆ ನಿಧಿ ಎಂದರೆ ಮಗಳ ಮದುವೆ, ಮಗನ ಕಾಲೇಜು, ಬಡ್ಡಿಯ ಸಾಲ. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಸಾವಿರಾರು ಕಾರ್ಮಿಕರು ಇಳಿದರು. ಅವರಲ್ಲಿ ಬಹುಪಾಲು ಮಹಿಳೆಯರು. ಯಾವ ದೊಡ್ಡ ಸಂಘದ ಕರೆಯೂ ಇರಲಿಲ್ಲ. ಲಾಠಿ, ಅಶ್ರುವಾಯು ಪ್ರಯೋಗವಾಯಿತು. ವಾಹನಗಳು ಉರಿದದ್ದು ವಿಷಾದದ ಸಂಗತಿಯೇ. 19ರಂದೇ ಸರ್ಕಾರ ಅಧಿಸೂಚನೆಯನ್ನು ಹಿಂತೆಗೆದುಕೊಂಡಿತು.

ಹಾಗೆಂದು ಕಾರ್ಮಿಕರ ಲೆಕ್ಕವೆಲ್ಲ ಸರಿಯೆನ್ನಲಾಗದು. ನಿಧಿಯ ಹಣಕ್ಕಾಗಿ ರಾಜೀನಾಮೆ ಕೊಟ್ಟು, ಕೆಲ ತಿಂಗಳ ನಂತರ ಮತ್ತೊಂದು ಕಾರ್ಖಾನೆ ಸೇರುವವರು ಅನೇಕರು. ಕಾಯಂ ನೌಕರರಿಗೆ ಐದು ವರ್ಷದ ನಿರಂತರ ಸೇವೆಗೆ ಸಲ್ಲುವ ಗ್ರಾಚ್ಯುಟಿ ಹೀಗೆ ತಪ್ಪುತ್ತದೆ. ಇದು ಅವರಿಗೆ ತಿಳಿಯದ್ದಲ್ಲ. ನಾಳೆಯ ನಷ್ಟಕ್ಕಿಂತ ಇಂದಿನ ಬಡ್ಡಿ ದೊಡ್ಡದು. ಕಡಿಮೆ ಕೂಲಿ ಬೇರೆ ದಾರಿಯನ್ನೂ ಉಳಿಸಿಲ್ಲ.

2025ರ ಅಕ್ಟೋಬರ್ 13ರಂದು ನಿಧಿಯ ಕೇಂದ್ರ ಮಂಡಳಿ ಮತ್ತೆ ನಿಯಮ ಸಡಿಲಿಸಲು ನಿರ್ಧರಿಸಿತು. ಶೇ. 75ರಷ್ಟನ್ನು ಬೇಗನೆ ಪಡೆಯಬಹುದು, ಶೇ. 25 ಖಾತೆಯಲ್ಲೇ ಉಳಿಯಬೇಕು. ಕೆಲಸ ಹೋದವರು ಪೂರ್ತಿ ಹಣಕ್ಕೆ ಕಾಯಬೇಕಾದ ಅವಧಿ ಮಾತ್ರ ಎರಡು ತಿಂಗಳಿಂದ ಹನ್ನೆರಡು ತಿಂಗಳಿಗೆ ಏರಿತು. ಹನ್ನೆರಡು ತಿಂಗಳೆಂಬ ಸಂಖ್ಯೆಯನ್ನು ಆರಿಸುವಾಗ ಹೊಲಿಗೆಯ ಹೆಣ್ಣುಮಗಳೊಬ್ಬಳ ಮನೆಯ ಲೆಕ್ಕವನ್ನು ಯಾರಾದರೂ ಕೇಳಿದ್ದರೇ? ಜೂನ್ ಬಂದರೆ ಶಾಲೆ ಶುಲ್ಕ ಕೇಳುತ್ತದೆ. ಬಡ್ಡಿಯವನು ಅಷ್ಟೂ ಕಾಯುವುದಿಲ್ಲ.